ಅಳತೆ ಪುಸ್ತಕದಲ್ಲಿ ಒಂದು ಗಂಟು

“ಅಲ್ಲಾಡಬೇಡ ಕಣೇ,” ಎಂದು ಅಮ್ಮ ಟೇಪನ್ನು ಜಿಂಕೆಯ ಕತ್ತಿಗೆ ಬಿಗಿಯಾಗಿ ಒತ್ತಿದಳು. “ನೋಡು, ನಿನ್ನೆಗಿಂತ ಒಂದು ಗೆರೆ ಜಾಸ್ತಿ.”

ಓಟದಲ್ಲಿ ಯಾರಿಗೂ ಸಿಗುತ್ತಿರಲಿಲ್ಲವಾದ್ದರಿಂದ ಶಾಲೆಯವರು ಅವಳಿಗೆ ಜಿಂಕೆ ಎಂದು ಹೆಸರಿಟ್ಟಿದ್ದರು. ಈಗ ಆ ಜಿಂಕೆಯ ಕಿವಿಯ ಕೆಳಗೆ ಬಟಾಣಿಯಷ್ಟು ಗಂಟು. ಶೀತದ ಜೊತೆ ಬಂದದ್ದು, ಶೀತ ಹೋದರೂ ತಾನು ಹೋಗದೆ ಕೂತಿತ್ತು.

ಡಾಕ್ಟರು ಹೋದ ವಾರವೇ ನೋಡಿದ್ದರು. ಶೀತಕ್ಕೆ ಹೀಗಾಗುತ್ತದೆ, ಎರಡು ವಾರದಲ್ಲಿ ತಾನೇ ಇಳಿಯುತ್ತದೆ, ಮುಟ್ಟಬೇಡಿ, ಬೇಕಾದರೆ ಓಡಲಿ ಎಂದಿದ್ದರು. ಒಂದು ಮಾತ್ರೆಯನ್ನೂ ಬರೆಯಲಿಲ್ಲ. ಅಲ್ಲೇ ಅಮ್ಮನಿಗೆ ಅನುಮಾನ ಹತ್ತಿದ್ದು.

ಅಮ್ಮ ಟೈಲರ್. ಎರಡೆರಡು ಸಲ ಅಳೆಯದೆ ಒಂದು ಕಾಲರನ್ನೂ ಕತ್ತರಿಸಿದವಳಲ್ಲ. ಬರೀ ಬೆರಳಲ್ಲಿ ಮುಟ್ಟಿ ಹೇಳಿದ್ದನ್ನು ಅವಳು ನಂಬುವುದುಂಟೇ? ಗಿರಾಕಿಗಳ ಅಳತೆ ಪುಸ್ತಕದಲ್ಲಿ ಮಗಳ ಗಂಟಿಗೂ ಜಾಗ ಸಿಕ್ಕಿತು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ.

ಬಟ್ಟೆ ಕೊಡಲು ಬಂದವರೂ ಕೈಕಟ್ಟಿ ಕೂರಲಿಲ್ಲ. ಕೋಟು ಹೊಲಿಸಲು ಬಂದ ತಾತ ಒತ್ತಿ ನೋಡಿ ಗಟ್ಟಿ ಇದೆ ಎಂದ. ಬ್ಯಾಂಕಿನ ಮೇಡಂ ಒತ್ತಿ ನೋಡಿ ಮೆತ್ತಗಿದೆ ಎಂದರು. ಪಕ್ಕದ ಮನೆಯ ಆಂಟಿ, ತನ್ನ ನಾದಿನಿಗೂ ಥೇಟ್ ಹೀಗೇ ಆಗಿತ್ತು ಎಂದಳು. ಆಮೇಲೇನಾಯಿತು ಎಂದು ಜಿಂಕೆ ಕೇಳಿದರೆ, ಆಂಟಿ ಗುಂಡಿಗಳ ಬಣ್ಣದ ಮಾತು ತೆಗೆದಳು.

ಅಂದಿನಿಂದ ಜಿಂಕೆಯ ಕೈಯೂ ಕತ್ತು ಬಿಟ್ಟು ಇಳಿಯಲಿಲ್ಲ. ಗಣಿತದ ಸರ್, ಉತ್ತರ ಹೇಳಲು ಕೈ ಎತ್ತಿದ್ದಾಳೆಂದು ಎರಡು ಸಲ ಮೋಸಹೋದರು.

ಐದೇ ದಿನಕ್ಕೆ ಬಟಾಣಿ ಕೆಂಪಾಗಿ ನೋಯತೊಡಗಿತು. ಮಾರನೆಯ ದಿನ ರಿಲೇ. ಕೊನೆಯ ಸುತ್ತು ಜಿಂಕೆಯದು. ಗಂಟು ಇಳಿಯುವವರೆಗೆ ಓಟವಿಲ್ಲ ಎಂದು ಅಮ್ಮ ಕಡ್ಡಿ ಮುರಿದಂತೆ ಹೇಳಿ, ಅಳತೆ ಪುಸ್ತಕವನ್ನು ಕಂಕುಳಲ್ಲಿಟ್ಟು ಮತ್ತೆ ಡಾಕ್ಟರ ಮುಂದೆ ಹೋಗಿ ಕೂತಳು.

ಡಾಕ್ಟರು ಕನ್ನಡಕ ಏರಿಸಿ ಓದಿದರು. “ಸೊಂಟ ನಲವತ್ತೆರಡು?”

“ಅದು ಕೋಟಿನ ತಾತಂದು. ಕೆಳಗಿಂದು ನಮ್ಮ ಹುಡುಗೀದು.”

“ದಿನಕ್ಕೆ ಎಷ್ಟು ಸಲ ಅಳೀತೀರಿ?”

“ಮೂರೇ ಸಲ.”

“ಇನ್ನು ಯಾರ್ಯಾರು ಒತ್ತಿದ್ರು?”

ಅಮ್ಮ ಯಾರೂ ಇಲ್ಲ ಎಂದಳು. ಜಿಂಕೆ ಬೆರಳು ಮಡಿಸಿ ಎಣಿಸತೊಡಗಿದಳು. ಒಂದು ಕೈ ಸಾಲಲಿಲ್ಲ.

“ಪಾಪ, ಗಂಟಿಗೆ ಇಳಿಯೋಕೆ ಪುರುಸೊತ್ತಾದ್ರೂ ಬೇಡ್ವಾ?” ಎಂದರು ಡಾಕ್ಟರು. ಈ ಸಲವೂ ಮಾತ್ರೆ ಬರೆಯಲಿಲ್ಲ. ಓಡಲಿ, ಎಂದರು. ಮುಟ್ಟಬೇಡಿ, ಎಂದು ಎರಡು ಸಲ ಹೇಳಿದರು.

ರಸ್ತೆಗೆ ಬಂದದ್ದೇ ಅಮ್ಮ ಗೊಣಗಿದಳು. ಇವರು ಸರಿಯಾಗಿ ನೋಡಲೇ ಇಲ್ಲ, ಚೌಕದ ಹತ್ತಿರ ಇನ್ನೊಬ್ಬರು ದೊಡ್ಡ ಡಾಕ್ಟರಿದ್ದಾರಂತೆ. ಹೇಳುತ್ತಲೇ ಅವಳ ಕೈ ತನ್ನಷ್ಟಕ್ಕೆ ಮಗಳ ಕತ್ತಿನತ್ತ ಬಂತು.

ಜಿಂಕೆ ಆ ಕೈಯನ್ನು ಅರ್ಧದಲ್ಲೇ ಹಿಡಿದುಕೊಂಡಳು. ಇಷ್ಟು ಬಿಸಿಲಲ್ಲೂ ಅದು ತಣ್ಣಗಿತ್ತು, ಬೆವರಿತ್ತು. ಗಂಟು ತನ್ನ ಕತ್ತಿನಲ್ಲಿದ್ದರೂ, ರಾತ್ರಿ ಹಾಯಾಗಿ ಗೊರಕೆ ಹೊಡೆದವಳು ತಾನು, ನಿದ್ದೆಗೆಟ್ಟವಳು ಅಮ್ಮ ಎಂಬುದು ಅವಳಿಗೆ ಹೊಳೆಯಿತು.

“ಅಮ್ಮ, ನಾಳೆ ನಾನು ಓಡ್ತೀನಿ. ನೀನೂ ಬಾ.”

ಜಿಂಕೆಯ ಇನ್ನೊಂದು ಕೈ ಮೆಲ್ಲಗೆ ಕಿವಿಯತ್ತ ಏರುತ್ತಿತ್ತು. ಅದನ್ನು ಜೇಬಿಗೆ ತುರುಕಿ, ಅಮ್ಮನನ್ನು ನಡೆಸಿಕೊಂಡು ಅವಳು ರಸ್ತೆ ದಾಟಿದಳು.