ಬಿಳಿ ಗೂಡಿನ ಮೊಟ್ಟೆಗಳು

‘ನಾನೇ ಸಾಯಿಸಿಬಿಟ್ಟೆನೇನೋ.’

ಅನೀಸಾಳ ಮನೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ರಕ್ಷಾ ತನ್ನೊಳಗೇ ಅಂದುಕೊಂಡಳು. ಅವ್ವನ ಹತ್ತಿರವೂ ಇದನ್ನು ಹೇಳಿರಲಿಲ್ಲ.

ಪ್ರಾಜೆಕ್ಟಿಗೆಂದು ಮಿಸ್ ಐದನೇ ಕ್ಲಾಸಿನವರಿಗೆಲ್ಲ ಎರಡೆರಡು ರೇಷ್ಮೆಗೂಡು ಕೊಟ್ಟಿದ್ದರು. ಅನೀಸಾಗೆ ಹಳದಿ, ರಕ್ಷಾಗೆ ಬಿಳಿ. ಇಬ್ಬರ ಡಬ್ಬಿಯಲ್ಲೂ ಚಿಟ್ಟೆ ಹೊರಬಂದು ಒಂದೇ ದಿನ ಮೊಟ್ಟೆ ಇಟ್ಟವು. ಹನ್ನೊಂದನೇ ದಿನಕ್ಕೆ ಅನೀಸಾಳ ಡಬ್ಬಿ ತುಂಬ ಕೂದಲೆಳೆಯಂಥ ಕರಿ ಹುಳ. ರಕ್ಷಾಳ ಮೊಟ್ಟೆಗಳು ಮಾತ್ರ ಕಂದು ಬಣ್ಣಕ್ಕೆ ತಿರುಗಿ ಸುಮ್ಮನೆ ಕೂತಿದ್ದವು.

“ನೀನೂ ಮಾತಾಡಲ್ಲ, ನಿನ್ ಮೊಟ್ಟೆನೂ ಅಲ್ಲಾಡಲ್ಲ. ಡಮ್ಮಿ ಪೀಸ್ ಕಣೇ!” ಎಂದು ಕ್ಲಾಸಿನ ಶರತ್ ನಕ್ಕಿದ್ದ.

ನಿನ್ನೆ ಊಟದ ಬೆಲ್ ಆದಾಗ ಕ್ಲಾಸ್ ಖಾಲಿಯಿತ್ತು. ರಕ್ಷಾ ಕೋಳಿಪುಕ್ಕದಿಂದ ಅನೀಸಾಳ ಹತ್ತಿಪ್ಪತ್ತು ಹುಳ ಸವರಿ ತನ್ನ ಡಬ್ಬಿಗೆ ಹಾಕಿಕೊಂಡಳು. ಮಿಸ್ ನೋಡಿ “ವೆರಿ ಗುಡ್” ಅಂದರು. ರಾತ್ರಿ ಅವಳಿಗೆ ರೊಟ್ಟಿ ಸೇರಲಿಲ್ಲ.

“ನಾನಿ, ನೋಡು! ರಕ್ಷಾಂದೂ ಹುಳ ಆಯ್ತು!” ಅನೀಸಾ ಅವಳ ಕೈಯಿಂದ ಡಬ್ಬಿ ಕಿತ್ತುಕೊಂಡು ಅಜ್ಜಿಯ ಕೈಗಿಟ್ಟಳು.

ಅಜ್ಜಿ ಫಖ್ರುನ್ನೀಸಾ ಮೂವತ್ತು ವರ್ಷ ರೇಷ್ಮೆ ಮೊಟ್ಟೆ ಕೇಂದ್ರದಲ್ಲಿ ಕೆಲಸ ಮಾಡಿದವರು. ಕನ್ನಡಕ ಏರಿಸಿ, ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

ರಕ್ಷಾಗೆ ಆಗಲೇ ಹೊಳೆದದ್ದು. ಹುಳ ಹೊರಬಂದರೆ ಬಿಳಿ ಓಡು ಉಳಿಯುತ್ತದೆ. ಅನೀಸಾಳ ಡಬ್ಬಿಯಲ್ಲಿ ಉಳಿದಿತ್ತು. ತನ್ನದರಲ್ಲಿ ಒಂದೂ ಇಲ್ಲ.

ನಾನಿ ಅವಳನ್ನೊಮ್ಮೆ ನೋಡಿದರು.

“ಮೊಟ್ಟೆ... ಸತ್ತೋಗಿದಾವಾ ಅಜ್ಜಿ?”

“ಅರೆ, ಯಾರ್ ಹೇಳಿದ್ದು? ಸತ್ತಿದ್ರೆ ಗುಳಿ ಬೀಳ್ತಿತ್ತು. ಇವು ಮಲಗಿವೆ ಬೇಟಾ. ಅವುಗಳ ಅಮ್ಮನೇ ಮಲಗಿಸಿದ್ದಾಳೆ.”

“ಅಮ್ಮಾನಾ?”

“ಹೂಂ. ಈ ಬಿಳಿ ಗೂಡಿನ ತಾಯಿ ತಾನು ಮೊಟ್ಟೆಯೊಳಗಿದ್ದಾಗ ಕಂಡ ಸೆಕೆ, ಬೆಳಕು ಎಲ್ಲ ಅವಳ ಮೈಗೆ ನೆನಪಿರುತ್ತೆ. ತಾನು ಮೊಟ್ಟೆ ಇಡುವಾಗ, ‘ಮುಂದೆ ಚಳಿ ಬರುತ್ತೆ, ಸೊಪ್ಪು ಸಿಗಲ್ಲ, ಈಗ್ಲೇ ಬರ್ಬೇಡಿ ಮಕ್ಕಳಾ’ ಅಂತ ಮಲಗಿಸಿಬಿಡ್ತಾಳೆ. ಕೆಲವು ತಿಂಗಳು ತಣ್ಣಗಿಟ್ಟು ತೆಗೆದ್ರೆ ತಾವೇ ಏಳ್ತವೆ. ಹಳದಿ ಗೂಡಿಂದು ಹಂಗಲ್ಲ. ಅವಕ್ಕೆ ನಿದ್ದೇನೇ ಇಲ್ಲ, ನಮ್ಮ ಅನೀಸಾ ಥರ!”

“ನಾನಿ!” ಎಂದಳು ಅನೀಸಾ.

ರಕ್ಷಾ ಬಗ್ಗಿ ನೋಡಿದಳು. ಮೊಟ್ಟೆಗಳು ಒಂದಕ್ಕೊಂದು ಅಂಟಿಕೊಂಡು ಮಲಗಿದ್ದವು, ಹೊದಿಕೆಯೊಳಗೆ ಮುದುರಿದ ಮಕ್ಕಳ ಹಾಗೆ. ಅವಕ್ಕೆ ಅವಸರವೇ ಇರಲಿಲ್ಲ. ಅವಸರ ಇದ್ದದ್ದು ಅವಳಿಗೆ.

ನಾನಿ ಮುಚ್ಚಳ ಹಾಕಿ ಡಬ್ಬಿಯನ್ನು ಅವಳ ಕೈಗೇ ಕೊಟ್ಟರು. ಹುಳದ ಮಾತೆತ್ತಲಿಲ್ಲ.

“ನಂದೇ ಎಷ್ಟೋ ಹುಳ ಕಮ್ಮಿಯಾಗಿದೆ ನಾನಿ,” ಅನೀಸಾಳ ದನಿ ಸಣ್ಣಗಾಯಿತು. “ಕ್ಲಾಸಲ್ಲಿ ಮೇಜಿನ ಕಾಲಡಿಗೆ ನೀರಿನ ಬಟ್ಟಲು ಇಟ್ಟಿರ್ಲಿಲ್ಲ. ಇರುವೆ ತಿಂದುಬಿಟ್ವು. ನಂದೇ ತಪ್ಪು.”

ಅವಳ ಕಣ್ಣು ತುಂಬಿತ್ತು.

“ಇರುವೆ ಅಲ್ಲ ಕಣೇ,” ಎಂದಳು ರಕ್ಷಾ. “ನಾನು. ಊಟದ್ ಬೆಲ್ ಆದಾಗ ನಾನೇ ತಗೊಂಡೆ.”