ಹಿಮದಲ್ಲಿ ಬರಿಗಾಲು

ಇದು ನನಗೇ ಆದದ್ದು. ಅನುಮಾನವಿದ್ದವರು ಬಿಳಿಕೆರೆಗೆ ಬಂದು ನಮ್ಮ ಸೋದರತ್ತೆ ಶಿವನಂಜಮ್ಮನನ್ನು ಕೇಳಿ. ಹೋದ ಚಳಿಗಾಲ ನಾನು ಫಿನ್ಲೆಂಡಿನ ಉತ್ತರ ತುದಿಯ ಒಂದು ಸ್ಕೀ ಹೋಟೆಲಿನಲ್ಲಿ ಅಡುಗೆ ಕೆಲಸಕ್ಕಿದ್ದೆ. ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲ, ಮಧ್ಯಾಹ್ನವೂ ಕತ್ತಲೆ. ಅಂಥ ಒಂದು ಮಧ್ಯಾಹ್ನ ನನ್ನ ಕೋಣೆಯಿಂದ ಅತ್ತೆಗೆ ವಿಡಿಯೋ ಕಾಲ್ ಮಾಡಿದ್ದೆ.

"ಲೇ ಪುಷ್ಪಾ, ನಿನ್ ಹಿಂದೆ ಗಾಜಿನ ಬಾಗ್ಲಾಚೆ ಯಾರೋ ಹೆಣ್ಮಗಳು ನಿಂತವ್ಳೆ ಕಣೇ. ಕಾಲ್ಗೆ ಚಪ್ಲಿನೂ ಇಲ್ಲ. ನೀನು ಬೆಚ್ಗೆ ಕುಂತಿದ್ದೀಯಲ್ಲ, ಒಳಿಕ್ಕೆ ಕರಿಬಾರ್ದಾ?" ಎಂದು ಅತ್ತೆ ಗದರಿದರು.

ತಿರುಗಿ ನೋಡಿದರೆ ಯಾರೂ ಇರಲಿಲ್ಲ. ಬಾಗಿಲು ತೆರೆದೆ. ಹಿಮದಲ್ಲಿ ಬರಿಗಾಲಿನ ಹೆಜ್ಜೆಗಳು ಹೊಸ್ತಿಲ ತನಕ ಬಂದಿದ್ದವು, ಹಿಂದಕ್ಕೆ ಹೋಗಿರಲಿಲ್ಲ. ಬೆರಳಿಟ್ಟರೆ ಹೆಜ್ಜೆಯೊಳಗೆ ಬೆಚ್ಚಗಿತ್ತು.

ಓಡಿಹೋಗಿ ಮ್ಯಾನೇಜರಿಗೆ ಹೇಳಿದೆ. ಆ ಚಳಿಯಲ್ಲಿ ಒಂದು ಜೀವ ಹೊರಗಿದೆ ಎಂದರೂ ಆ ಮನುಷ್ಯ ಕುರ್ಚಿ ಬಿಟ್ಟು ಏಳಲಿಲ್ಲ. "ಅಲ್ಲಿ ಏನೂ ಇಲ್ಲ. ಅತಿಥಿಗಳ ಮುಂದೆ ಬಾಯಿ ಬಿಡಬೇಡ" ಎಂದ. ನನಗೆ ಹೆದರಿಕೆಗಿಂತ ಸಿಟ್ಟೇ ಹೆಚ್ಚು ಬಂತು. ಟಾರ್ಚ್ ಹಿಡಿದು ಒಬ್ಬಳೇ ಹುಡುಕಿದೆ, ಯಾರೂ ಸಿಗಲಿಲ್ಲ.

ಆಮೇಲೆ ಹಿಮ ಬಿದ್ದು ನನ್ನ ಬೂಟಿನ ಗುರುತೆಲ್ಲ ಮುಚ್ಚಿತು, ಆ ಹೆಜ್ಜೆಗಳು ಮುಚ್ಚಲಿಲ್ಲ. ನಾನು ಊರಿಗೆ ಹೊರಡುವ ತನಕ, ಏನೂ ಇಲ್ಲ ಎಂದಿದ್ದ ಆ ಮ್ಯಾನೇಜರೇ ದಿನಾ ಬೆಳಿಗ್ಗೆ ಸಲಿಕೆ ತಂದು ಅವನ್ನು ಕೆರೆದುಹಾಕುತ್ತಿದ್ದ. ಮಧ್ಯಾಹ್ನಕ್ಕೆ ಅವು ಮತ್ತೆ ಅಲ್ಲೇ ಇರುತ್ತಿದ್ದವು.