ಹನ್ನೊಂದು ನಿಮಿಷದ ಅಧಿಕಾರ

ಗುರುವಾರ ಬೆಳಿಗ್ಗೆ ಹತ್ತಕ್ಕೆ ಕಂಪ್ಯೂಟರ್ ಸಹಾಯ ಕೌಂಟರಿನವನು ದಾಖಲೆ ಕೋಣೆಯ ಬಾಗಿಲಲ್ಲಿ ಬಂದು ನಿಂತಾಗ, ಸೊಸೆಗೆ ಅವನ ಮುಖ ನೋಡುವ ಧೈರ್ಯವಾಗಲಿಲ್ಲ. ಅವನನ್ನು ಸಿಕ್ಕಿಸಿದವಳು ಅವಳೇ.

ಔಷಧ ಹಂಚುವ ಆ ಕಂಪನಿಯಲ್ಲಿ ದಾಖಲೆ ಕೋಣೆಯ ಇಬ್ಬರು ಹೆಂಗಸರಿಗೆ ಅತ್ತೆ, ಸೊಸೆ ಎಂದೇ ಹೆಸರು. ನೆಂಟಸ್ತಿಕೆಯೇನೂ ಇರಲಿಲ್ಲ. ಹಿರಿಯಾಕೆ ಎಲ್ಲರ ಕೆಲಸದಲ್ಲೂ ತಪ್ಪು ಹುಡುಕುತ್ತಿದ್ದರಿಂದ ಅತ್ತೆಯಾದರು. ಅವರ ಕೈಕೆಳಗೆ ಸೇರಿದ ತಪ್ಪಿಗೆ ಇವಳು ಸೊಸೆಯಾದಳು. ಕಂಪನಿಯ ನೆಟ್‌ವರ್ಕ್ ಡೈರೆಕ್ಟರಿಯಲ್ಲಿ, ಅಂದರೆ ಯಾರ ಖಾತೆಗೆ ಯಾವ ಬಾಗಿಲು ತೆರೆಯುತ್ತದೆ ಎಂಬ ಪಟ್ಟಿಯಲ್ಲಿ, ಹಿಂದಿನ ದಿನ ಏನೇನು ಬದಲಾಯಿತು ಎಂದು ದಿನಾ ಬೆಳಿಗ್ಗೆ ಓದುವುದು ಅವರ ಕೆಲಸ. ಅನುಮಾನ ಬಂದ ಸಾಲಿನ ಪಕ್ಕ ಸೊಸೆ ಪೆನ್ಸಿಲಿನಲ್ಲಿ ಪ್ರಶ್ನೆ ಗುರುತು ಹಾಕುತ್ತಿದ್ದಳು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ಮನೆಗೆ ವಾಪಸು ಓಡುವವಳು ಅವಳು, ಗುರುತುಗಳಿಗೇನೂ ಬರವಿರಲಿಲ್ಲ.

ಆವತ್ತಿನ ಸಾಲಿಗೆ ಮಾತ್ರ ಪೆನ್ಸಿಲ್ ಸಾಲಲಿಲ್ಲ. ಬುಧವಾರ ಮಧ್ಯಾಹ್ನ ಒಂದು ಹತ್ತಕ್ಕೆ ರವಾನೆ ವಿಭಾಗದ ಹೆಂಗಸೊಬ್ಬಳ ಖಾತೆಯನ್ನು ಎಲ್ಲ ಬಾಗಿಲುಗಳೂ ತೆರೆಯುವ ಸರ್ವಾಧಿಕಾರದ ಗುಂಪಿಗೆ ಸೇರಿಸಿ, ಒಂದು ಇಪ್ಪತ್ತೊಂದಕ್ಕೆ ತೆಗೆಯಲಾಗಿತ್ತು. ಸೇರಿಸಿದ್ದು ಕೌಂಟರಿನವನ ಖಾತೆಯಿಂದ. ಆ ಹೆಂಗಸು ತೀರಿಕೊಂಡು ಮೂರು ತಿಂಗಳಾಗಿತ್ತು.

ಸೊಸೆ ಹೇಳಿದಳು, ಮ್ಯಾನೇಜರ್ ಕೆಂಡವಾದರು. ಸತ್ತವಳ ಹೆಸರಿನಲ್ಲಿ ಯಾರೋ ಔಷಧದ ಪಟ್ಟಿಗೆ ಕೈ ಹಾಕಿದ್ದಾರೆ, ಅದೂ ಪಾಪ, ನಮ್ಮ ನೆಟ್‌ವರ್ಕ್ ಎಂಜಿನಿಯರರ ಹೆಂಡತಿಯ ಹೆಸರಿನಲ್ಲಿ, ಆ ಮನುಷ್ಯನಿಗೆ ಇದು ಗೊತ್ತಾಗುವ ಮೊದಲೇ ಕಳ್ಳನನ್ನು ಆಚೆ ಹಾಕಬೇಕು ಎಂದರು.

"ನಾಲ್ಕು ಗಂಟೆಗೆ ಪೊಲೀಸಿಗೆ ಕೊಡ್ತಾರಂತೆ ಮೇಡಂ," ಎಂದ ಕೌಂಟರಿನವನು. "ನಾನು ಆಗ ಊಟಕ್ಕೆ ಹೋಗಿದ್ದೆ. ಒಬ್ಬನೇ ತಿಂದೆ, ನೋಡಿದೋರು ಯಾರೂ ಇಲ್ಲ. ಮನೇಲಿ ಇನ್ನೂ ಹೇಳಿಲ್ಲ."

"ಕಂಪ್ಯೂಟರ್ ಲಾಕ್ ಮಾಡಿ ಹೋಗಿದ್ಯಾ?" ಎಂದರು ಅತ್ತೆ.

ಅವನು ತಲೆ ತಗ್ಗಿಸಿದ. ಕಾರಿಡಾರಿನ ಗೋಡೆಯ ಮೇಲಿದ್ದ ಟಿವಿಯಂಥ ದೊಡ್ಡ ಫಲಕಕ್ಕೆ ರವಾನೆಯ ಪಟ್ಟಿ ಹೋಗುತ್ತಿದ್ದದ್ದು ಅವನ ಕಂಪ್ಯೂಟರಿನಿಂದಲೇ. ಲಾಕ್ ಮಾಡಿದರೆ ಫಲಕ ಕಪ್ಪಾಗುತ್ತಿತ್ತು, ಕೂಡಲೇ ಹತ್ತು ಜನ ದೂರಲು ಬರುತ್ತಿದ್ದರು. ಆದ್ದರಿಂದ ಅವನು ಎಂದೂ ಲಾಕ್ ಮಾಡುತ್ತಿರಲಿಲ್ಲ. ಇಡೀ ಮಹಡಿಗೆ ಅದು ಗೊತ್ತಿತ್ತು.

"ಅಷ್ಟು ದೊಡ್ಡ ಅಧಿಕಾರ ನಿನ್ನ ಕೈಗೆ ಹೇಗೆ ಬಂತು?"

"ಹೆಂಡತಿ ತೀರಿಕೊಂಡಾಗ ಎಂಜಿನಿಯರ್ ಸಾರ್ ರಜೆ ಹಾಕಿದ್ರಲ್ಲ, ಆಗ ಕೊಟ್ಟಿದ್ರು. ಆಮೇಲೆ ಯಾರೂ ವಾಪಸ್ ತಗೊಳ್ಳಲಿಲ್ಲ."

ಸೊಸೆ ಪೆನ್ಸಿಲ್ ಕೆಳಗಿಟ್ಟಳು. ಅಧಿಕಾರ ಕೊಟ್ಟ ಆ ಸಾಲಿಗೂ ಅವಳು ಗುರುತು ಹಾಕಿದ್ದಳು, ಮೂರು ತಿಂಗಳ ಹಿಂದೆ. ಹೆಂಡತಿಯನ್ನು ಕಳೆದುಕೊಂಡು ಬಂದವರನ್ನು ಏನೆಂದು ಕೇಳುವುದು ಎಂದು ಸುಮ್ಮನಾಗಿದ್ದಳು.

ಅವನು ಹೋದಮೇಲೆ ಅತ್ತೆ ಹಳೆಯ ಪಟ್ಟಿಗಳನ್ನು ಹರಡಿಕೊಂಡು ಕೂತರು. ಪ್ರತಿ ಬದಲಾವಣೆಗೂ ಕಾರಣ ಬರೆಯದೆ ಡೈರೆಕ್ಟರಿ ಮುಂದಕ್ಕೆ ಬಿಡುತ್ತಿರಲಿಲ್ಲ. ಕೌಂಟರಿನವನು ಎರಡು ವರ್ಷದಿಂದ ಆ ಜಾಗದಲ್ಲಿ ಒಂದು ಚುಕ್ಕೆ ಇಟ್ಟು ಕೈತೊಳೆದುಕೊಂಡಿದ್ದ. ಬುಧವಾರದ ಸಾಲಿನಲ್ಲಿ ಎರಡು ಪದಗಳಿದ್ದವು: ಇನ್ನೂ ಬೇಕು.

"ಕದಿಯೋಕೆ ಬಂದೋನು ಕಾರಣ ಯಾಕೆ ಬರೀತಾನೆ?" ಎಂದರು ಅತ್ತೆ. "ಅದೂ ಅಲ್ಲದೆ ಆ ಹನ್ನೊಂದು ನಿಮಿಷದಲ್ಲಿ ಒಂದು ಕಡತಾನೂ ತೆಗೆದಿಲ್ಲ. ನಾಳೆ ಅಳಿಸೋ ಖಾತೆಗಳ ಪಟ್ಟಿ ತಾ, ನೋಡೋಣ."

ತೊಂಬತ್ತು ದಿನ ಯಾರೂ ಬಳಸದ ಖಾತೆಗಳನ್ನು ಪ್ರತಿ ಶುಕ್ರವಾರ ಒಂದು ಪ್ರೋಗ್ರಾಂ ತಾನೇ ಅಳಿಸಿಹಾಕುತ್ತಿತ್ತು. ತೀರಿಕೊಂಡವಳ ಹೆಸರು ಮಂಗಳವಾರದ ಪಟ್ಟಿಯಲ್ಲಿ ಇತ್ತು. ಗುರುವಾರದ ಪಟ್ಟಿಯಲ್ಲಿ ಇರಲಿಲ್ಲ.

ಅತ್ತೆ ಕನ್ನಡಕ ಹಣೆಗೇರಿಸಿಕೊಂಡರು. ಆಮೇಲೆ, ಎಂಜಿನಿಯರರ ದಿನಚರಿ ನಿನಗೇನಾದರೂ ಗೊತ್ತೇ ಎಂದು ಕೇಳಿದರು. ಸೊಸೆಗೆ ಎಲ್ಲರದೂ ಗೊತ್ತಿತ್ತು. ಮೂರು ಗಂಟೆಗೆ ಅವರ ಫೋನ್ ಟಿಣ್ ಎನ್ನುತ್ತದೆ, ನೀಲಿ ಬಾಟಲಿ ಹಿಡಿದು ನೀರು ತುಂಬಿಸಿಕೊಳ್ಳಲು ಬರುತ್ತಾರೆ, ಅವರನ್ನು ನೋಡಿ ಗಡಿಯಾರ ಸರಿಮಾಡಬಹುದು ಎಂದಳು.

ಅತ್ತೆ ನಗಲಿಲ್ಲ. "ಮೂರಕ್ಕೆ ಹತ್ತು ನಿಮಿಷ ಇರೋವಾಗ ಎಲ್ಲರನ್ನೂ ಕರಿ," ಎಂದರು.

ಮೀಟಿಂಗ್ ಕೋಣೆಯಲ್ಲಿ ಮ್ಯಾನೇಜರ್, ಕೌಂಟರಿನವನು, ಸಿಬ್ಬಂದಿ ಅಧಿಕಾರಿ, ಎಂಜಿನಿಯರ್ ಕೂತರು. ಯಾಕೆ ಕರೆದಿದ್ದಾರೆ ಎಂದು ಎಂಜಿನಿಯರರಿಗೆ ಯಾರೂ ಹೇಳಿರಲಿಲ್ಲ. ಅತ್ತೆ ಒಂದೊಂದೇ ಎಳೆ ಬಿಡಿಸಿದರು. ತೆರೆದಿಟ್ಟ ಕಂಪ್ಯೂಟರಿನ ಮುಂದೆ ಯಾರು ಬೇಕಾದರೂ ಕೂರಬಹುದಿತ್ತು. ಆದರೆ ಕೌಂಟರಿನವನ ಖಾತೆಗೆ ಆ ಅಧಿಕಾರ ಉಳಿದಿದೆ ಎಂದು ತಿಳಿದವರು ಕಮ್ಮಿ. ಸರ್ವಾಧಿಕಾರದ ಗುಂಪಿಗೆ ಒಮ್ಮೆ ಸೇರಿದ ಖಾತೆಗೆ ಒಂದು ಕಾವಲು ಗುರುತು ಅಂಟಿಕೊಳ್ಳುತ್ತದೆ, ಗುಂಪಿನಿಂದ ತೆಗೆದರೂ ಅದು ಹೋಗುವುದಿಲ್ಲ, ಅಳಿಸುವ ಪ್ರೋಗ್ರಾಂ ಗುರುತಿರುವ ಖಾತೆಯನ್ನು ಮುಟ್ಟುವುದಿಲ್ಲ.

"ಆ ಗುರುತು ಬೀಳೋಕೆ ಹತ್ತು ನಿಮಿಷ ಬೇಕು. ಬಂದೋರು ಹನ್ನೊಂದು ನಿಮಿಷ ಕಾದಿದಾರೆ. ಅಧಿಕಾರ ಬೇಕಿರಲಿಲ್ಲ ಅವರಿಗೆ. ಆ ಹೆಸರು ಉಳೀಬೇಕಿತ್ತು, ಅಷ್ಟೆ."

"ಹಾಗಾದ್ರೆ ಯಾರು ಮೇಡಂ?" ಎಂದರು ಮ್ಯಾನೇಜರ್. "ಇವನಿಗೆ ನಾಲ್ಕು ಗಂಟೆವರೆಗೆ ಟೈಮ್ ಕೊಟ್ಟಿದೀನಿ."

ಎಂಜಿನಿಯರ್ ತಟ್ಟನೆ ತಲೆಯೆತ್ತಿ ಕೌಂಟರಿನವನನ್ನು ನೋಡಿದರು. "ಇವನಿಗ್ಯಾಕೆ?"

ಯಾರೂ ಉತ್ತರಿಸುವ ಮೊದಲೇ ಅವರ ಜೇಬಿನಲ್ಲಿ ಫೋನ್ ಟಿಣ್ ಎಂದಿತು. ಗೋಡೆಯ ಗಡಿಯಾರದಲ್ಲಿ ಮೂರು. ಅವರು ಫೋನ್ ತೆಗೆದು ಮೇಜಿನ ಮೇಲಿಟ್ಟು ಅತ್ತೆಯ ಕಡೆ ಸರಿಸಿದರು. ಸೊಸೆ ಬಗ್ಗಿ ಓದಿದಳು. ಹೆಂಡತಿಯ ಖಾತೆಯಿಂದ ಬಂದ ಜ್ಞಾಪನೆ: ನೀರು ಕುಡಿದ್ರಾ?

"ಕಿಡ್ನೀಲಿ ಕಲ್ಲಾಗಿತ್ತು ನಂಗೆ," ಎಂದರು ಎಂಜಿನಿಯರ್. "ದಿನಾ ಬರೋ ಹಾಗೆ ಇಟ್ಟಿದ್ಲು. ಕೊನೇ ದಿನಾಂಕ ಹಾಕಿಲ್ಲ. ಖಾತೆ ಹೋದ್ರೆ ಇದೂ ನಿಲ್ಲುತ್ತೆ. ನನ್ನ ಖಾತೆಯಿಂದ ಮಾಡಿದ್ರೆ ನಿಮಗೆ ತಕ್ಷಣ ಮೆಸೇಜ್ ಬರುತ್ತೆ ಸಾರ್, ಅದಕ್ಕೇ ಇವನ ಕುರ್ಚೀಲಿ ಕೂತೆ. ಇವನ ತಲೆಗೆ ಬರುತ್ತೆ ಅಂತ ಹೊಳೀಲೇ ಇಲ್ಲ. ಮೂರು ತಿಂಗಳಿಂದ ಏನೂ ಹೊಳೀತಿಲ್ಲ."

ಅವರು ಕೌಂಟರಿನವನತ್ತ ಕೈಮುಗಿದರು. ಅವನು ಎದ್ದು ಆ ಕೈಗಳನ್ನು ಹಿಡಿದು ಕೆಳಗಿಳಿಸಿದ.

ಮ್ಯಾನೇಜರ್ ಪೊಲೀಸಿನ ಮಾತು ಮತ್ತೆ ಎತ್ತಲಿಲ್ಲ. ಆದರೆ ಔಷಧದ ಕಂಪನಿ. ಎಂಜಿನಿಯರರ ಅಧಿಕಾರ ತೆಗೆಯಲೇಬೇಕಿತ್ತು, ಆ ಖಾತೆಯನ್ನು ಅಳಿಸಲೇಬೇಕಿತ್ತು. ಮ್ಯಾನೇಜರರ ಅನುಮತಿ ಪಡೆದು ಎರಡನ್ನೂ ಅತ್ತೆಯೇ ಮಾಡಿದರು. ಇನ್ನೊಬ್ಬರಿಗೆ ಹೇಳಲು ಅವರಿಗೆ ಮನಸ್ಸಾಗಲಿಲ್ಲ. ಕಾರಣದ ಜಾಗದಲ್ಲಿ ಒಂದು ಚುಕ್ಕೆ ಇಟ್ಟರು. ಅತ್ತೆ ಚುಕ್ಕೆ ಇಟ್ಟದ್ದನ್ನು ಸೊಸೆ ಅದೇ ಮೊದಲು ನೋಡಿದ್ದು.

ಮರುದಿನ ಮೂರು ಗಂಟೆ ಆಯಿತು. ಎಂಜಿನಿಯರ್ ಫೋನನ್ನು ಮುಂದಿಟ್ಟುಕೊಂಡು ಕೂತೇ ಇದ್ದರು. ಮೂರು ಐದು. ಮೂರು ಹತ್ತು. ನೀಲಿ ಬಾಟಲಿ ಬರಿದಾಗಿತ್ತು. ಹೋಗಿ ಹೇಳಲೇ ಎಂದು ಸೊಸೆ ಎರಡು ಸಲ ಎದ್ದಳು, ಎರಡು ಸಲವೂ ಕೂತಳು.

ಅಷ್ಟರಲ್ಲಿ ಕಾರಿಡಾರಿನ ದೊಡ್ಡ ಫಲಕ ಕಪ್ಪಾಯಿತು. ಕಂಪ್ಯೂಟರ್ ಲಾಕ್ ಮಾಡಿ ಕೌಂಟರಿನವನು ಎದ್ದಿದ್ದ. ಅವನು ಬಂದು ಬಾಟಲಿ ಎತ್ತಿಕೊಂಡು ಹೋದ, ನೀರು ತುಂಬಿಸಿ ತಂದು ಮೇಜಿನ ಮೇಲಿಟ್ಟ, ತನ್ನ ಕುರ್ಚಿಗೆ ಮರಳಿದ. ಎಂಜಿನಿಯರ್ ಬಾಟಲಿಯ ಮುಚ್ಚಳ ತಿರುಗಿಸುವವರೆಗೂ ಅವನು ಫಲಕ ಹಚ್ಚಲಿಲ್ಲ. ಆವತ್ತು ಯಾರೂ ದೂರಲು ಬರಲಿಲ್ಲ.